ಮೇಸ್ತ್ರಿ ಕೊಟ್ಟ ಕಾಲು ವೈಸ್

ಆ ವೈಸ್ ನನ್ನ ಅಂಗಡಿಗೆ ಬಂದದ್ದು ಒಂದು ಬುಧವಾರ ಬೆಳಿಗ್ಗೆ, ಗೂಡ್ಸ್ ಆಟೊದಲ್ಲಿ, ಎರಡು ಗೋಣಿಚೀಲ ಸುತ್ತಿಕೊಂಡು. ಚೀಲ ಬಿಚ್ಚುವ ಮೊದಲೇ ಅದು ಯಾವುದೆಂದು ನನಗೆ ತಿಳಿಯಿತು. ಚೀಲದ ತುದಿಯಿಂದ ಅದರ ಕಾಲು ಹೊರಗೆ ಚಾಚಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ನನ್ನದಾಗಬೇಕಿದ್ದ ವೈಸ್ ಅದು. ಇನ್ನೊಬ್ಬನ ಪಾಲಾಗಿ, ಈಗ ರಿಪೇರಿ ಮಾಡಿಕೊಡಿ ಎಂದು ನನ್ನ ಬಾಗಿಲಿಗೇ ಬಂದಿತ್ತು. ಆಟೊದವನ ಜೊತೆ ಕೈ ಕೊಟ್ಟು ಇಳಿಸಿಕೊಂಡೆ.

ವೈಸ್ ಎಂದರೆ ಗೊತ್ತಲ್ಲ, ಕೆಲಸದ ತುಂಡನ್ನು ಎರಡು ದವಡೆಯ ನಡುವೆ ಕಚ್ಚಿ ಹಿಡಿಯುವ ಸಾಧನ. ಈಗ ಎಲ್ಲರೂ ನೋಡಿರುವುದು ಮೇಜಿಗೆ ಬೋಲ್ಟ್ ಹಾಕಿ ಕೂರಿಸುವ ಎರಕದ ವೈಸ್. ಕಾಲು ವೈಸ್ ಅದಕ್ಕಿಂತ ಹಳೆಯದು. ಕುಲುಮೆಯಲ್ಲಿ ಬಡಿದು ಮಾಡಿದ ಎರಡು ಉದ್ದದ ಕಬ್ಬಿಣದ ಕಾಲುಗಳು. ಒಂದು ನೆಲದವರೆಗೆ ಇಳಿದು ಕಲ್ಲಿನ ಗುಳಿಯಲ್ಲಿ ನಿಲ್ಲುತ್ತದೆ, ಇನ್ನೊಂದು ಮೊಣಕಾಲಿನ ಎತ್ತರದಲ್ಲಿ ಕೀಲಿಗೆ ಸಿಕ್ಕಿ ಹಿಂದೆ ಮುಂದೆ ಆಡುತ್ತದೆ. ನಡುವೆ ಒಂದು ದಪ್ಪ ಸ್ಕ್ರೂ. ಮೇಲೆ ಹಿಡಿದ ತುಂಡಿಗೆ ಎಷ್ಟೇ ಸುತ್ತಿಗೆ ಏಟು ಬಿದ್ದರೂ ಅದು ಕಾಲಿನಲ್ಲಿ ಇಳಿದು ಭೂಮಿಗೆ ಹೋಗುತ್ತದೆ. ಎರಕದ ವೈಸಿಗೆ ಹಾಗೆ ಬಡಿದರೆ ಒಂದು ದಿನ ಸೀಳು ಬಿಟ್ಟು ಕೂರುತ್ತದೆ.

ಕಳಿಸಿದವರು ಬೇಲೂರಿನ ಒಂದು ಸಣ್ಣ ತರಬೇತಿ ಕೇಂದ್ರದ ಮೇಡಂ. ಅಲ್ಲಿ ಫಿಟ್ಟರ್ ಕೆಲಸ ಕಲಿಸುತ್ತಾರೆ. ವರ್ಷವಿಡೀ ವೈಸ್ ಮುಂದೆ ನಿಂತು ಕಬ್ಬಿಣ ಉಜ್ಜುವ ಹುಡುಗ ಹುಡುಗಿಯರಿಗೆ ಅದು ಎಲ್ಲಿಂದ ಬಂತು ಎಂಬುದೇ ಗೊತ್ತಿಲ್ಲ ಎಂದು ಅವರಿಗೆ ಬೇಜಾರು. ಹಿಡಿಯುವ ಸಾಧನಗಳ ಚರಿತ್ರೆಯನ್ನೇ ಒಂದು ದಿನದ ಪ್ರದರ್ಶನ ಮಾಡೋಣ ಎಂದು ತಿಂಗಳ ಹಿಂದೆ ನನ್ನನ್ನು ಹುಡುಕಿಕೊಂಡು ಅರಸೀಕೆರೆಗೆ ಬಂದಿದ್ದರು. ಹುಡುಕಿದ್ದು ಸರಿಯಾದ ಮನುಷ್ಯನನ್ನೇ. ಕೊಬ್ಬರಿ ಮಿಷನ್ನು, ಬೋರ್‌ವೆಲ್ ಮೋಟಾರಿನ ಶಾಫ್ಟು ಎಂದು ಹೊಟ್ಟೆಪಾಡಿಗೆ ಲೇತು ತಿರುಗಿಸುತ್ತ, ಹದಿನೈದು ವರ್ಷದಿಂದ ನಾನು ಇದೇ ವಿಷಯವನ್ನು ಓದಿ ನೋಟ್ ಬರೆದಿಟ್ಟಿದ್ದೇನೆ. ಹಳೆಯ ಕ್ಲಾಂಪುಗಳು ಎಲ್ಲಿ ಗುಜರಿಗೆ ಬಿದ್ದರೂ ಎತ್ತಿಕೊಂಡು ಬರುತ್ತೇನೆ. ಮನೆಯವಳು ಅದನ್ನು ಗುಜರಿಯ ಎರಡನೇ ಅಂಗಡಿ ಎನ್ನುತ್ತಾಳೆ.

ಪ್ರದರ್ಶನದ ಕಾರ್ಡುಗಳನ್ನೆಲ್ಲ ನಾನೇ ಬರೆದುಕೊಟ್ಟೆ. ಮೊದಲ ಕಾರ್ಡಿನಲ್ಲಿ, ಮೊದಲ ವೈಸ್ ಮನುಷ್ಯನ ಕಾಲು ಎಂದು ಬರೆದೆ. ನೆಲದ ಮೇಲೆ ಕೂತ ಬಡಗಿ ಮರವನ್ನು ಹಿಡಿಯುವುದು ಕಾಲ್ಬೆರಳಿನಲ್ಲೇ. ಆಮೇಲೆ ಬೆಣೆ. ಆಮೇಲೆ ಹಗ್ಗ ಸುತ್ತಿ ನಡುವೆ ಕೋಲು ತೂರಿಸಿ ತಿರುವಿ ಬಿಗಿಯುವುದು. ಅದಾದ ಮೇಲೆ ಮರದ ಸ್ಕ್ರೂವಿನ ಕ್ಲಾಂಪು, ಕಬ್ಬಿಣದ ಸ್ಕ್ರೂವಿನ ಕಾಲು ವೈಸ್. ಕಾಲು ವೈಸಿಗೆ ಒಂದು ದೋಷವಿತ್ತು: ಕೀಲು ಕೆಳಗಿರುವುದರಿಂದ ದವಡೆ ತೆರೆದಷ್ಟೂ ಓರೆಯಾಗುತ್ತದೆ, ದಪ್ಪ ತುಂಡನ್ನು ಕೆಳಗಿನ ಅಂಚಿನಲ್ಲಿ ಮಾತ್ರ ಕಚ್ಚುತ್ತದೆ. ಆ ದೋಷ ಕಳೆಯಲು ದವಡೆ ನೇರವಾಗಿ ಸರಿಯುವ ಎರಕದ ವೈಸ್ ಬಂತು. ಆದರೆ ಅದಕ್ಕೆ ಸುತ್ತಿಗೆ ತಡೆಯುವ ತಾಕತ್ತಿಲ್ಲ. ಇನ್ನೂ ಮುಂದೆ ಬಂದರೆ ಒಂದೇ ಎಳೆತಕ್ಕೆ ಬಿಗಿಯುವ, ಒಂದೇ ತಟ್ಟಿಗೆ ಬಿಡುವ ಕ್ಲಾಂಪುಗಳು. ಒಂದು ಗುಣ ಗಳಿಸಿದ ಕಡೆಯೆಲ್ಲ ಇನ್ನೊಂದನ್ನು ಬಿಟ್ಟುಕೊಟ್ಟ ಕಥೆಯೇ ಇದು.

ಇಷ್ಟು ಬರೆದವನನ್ನೇ ಆ ದಿನ ಮಾತಾಡಲು ಕರೆಯುತ್ತಾರೆ ಎಂದು ನಾನು ಹೊಸ ಶರಟು ಬೇರೆ ಹೊಲಿಸಿಟ್ಟಿದ್ದೆ. ಆಗ ಮೇಡಂ ಫೋನಿನಲ್ಲಿ ಸಂತೋಷದಿಂದ ಒಂದು ಸುದ್ದಿ ಹೇಳಿದರು. ಹಳೇಬೀಡಿನ ಕುಲುಮೆಯೊಂದರಲ್ಲಿ ನಿಜವಾದ ಕಾಲು ವೈಸ್ ಸಿಕ್ಕಿದೆಯಂತೆ, ಪ್ರದರ್ಶನದ ನಡುವೆ ಅದನ್ನೇ ನಿಲ್ಲಿಸುತ್ತಾರಂತೆ. "ವೈಸ್ ಅವರದೇ ಅಲ್ವಾ ಸರ್, ಅವರೇ ಮಾತಾಡ್ಲಿ. ಕೆಲಸಾನೂ ಮಾಡಿ ತೋರಿಸ್ತಾರೆ," ಎಂದರು. ಸ್ಕ್ರೂ ಮಾತ್ರ ಜಾರುತ್ತಿದೆ, ಅದನ್ನು ನೀವು ಸರಿಮಾಡಿಕೊಡಬೇಕು ಎಂದೂ ಸೇರಿಸಿದರು. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದು.

ಹಳೇಬೀಡಿನವನು ಯಾರೋ ಅಪರಿಚಿತನಾಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಾವಿಬ್ಬರೂ ಒಬ್ಬರೇ ಮೇಸ್ತ್ರಿಯ ಕೈಕೆಳಗೆ ಕಲಿತವರು. ಅರಸೀಕೆರೆಯ ರೈಲು ಹಳಿಯ ಹಿಂದೆ ತಗಡಿನ ಶೆಡ್ಡಿನಲ್ಲಿ ನಮ್ಮ ಮೇಸ್ತ್ರಿಯ ವರ್ಕ್‌ಶಾಪ್ ಇತ್ತು. ನಾನು ಲೇತಿನ ಮೇಲೆ, ಅವನು ಕುಲುಮೆಯ ಮುಂದೆ. ನಾನು ಅವನಿಗಿಂತ ಎರಡು ವರ್ಷ ಮೊದಲು ಸೇರಿದವನು. ಅಳತೆಯಲ್ಲಿ ನೂಲಿನಷ್ಟೂ ತಪ್ಪದವನು. ಏಳು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಸಾಮಾನು ಮುರಿದದ್ದನ್ನು ಮೇಸ್ತ್ರಿ ಕಣ್ಣಾರೆ ನೋಡಿದವರಲ್ಲ. ಅವನೋ, ಮುರಿಯದ ಸಾಮಾನೇ ಇಲ್ಲ. ಹೀಗಿದ್ದೂ ವಯಸ್ಸಾಗಿ ಶೆಡ್ಡು ಮುಚ್ಚುವಾಗ ಮೇಸ್ತ್ರಿ ತಮ್ಮ ಪ್ರಾಣದಂತಿದ್ದ ಕಾಲು ವೈಸನ್ನು ಅವನ ಗಾಡಿಗೆ ಹೇರಿಸಿದರು. ನನಗೆ ಕೊಟ್ಟದ್ದು ತಲೆಯ ಮೇಲೆ ಕೈಯಿಟ್ಟು ಒಂದು ಆಶೀರ್ವಾದ. ಮೇಸ್ತ್ರಿ ತೀರಿಹೋಗಿ ಬಹಳ ಕಾಲವಾಯಿತು. ಆ ಆಶೀರ್ವಾದದಿಂದ ಈವರೆಗೆ ಒಂದು ಬೋಲ್ಟೂ ಬಿಗಿಯಾಗಿಲ್ಲ.

ಮಾರನೆಯ ದಿನ ಮೇಡಂ ಖುದ್ದಾಗಿ ಬಂದರು. ಪ್ರದರ್ಶನಕ್ಕೆ ಹತ್ತು ದಿನವಿತ್ತು. ಹಳೆಯ ಸ್ಕ್ರೂವನ್ನು ಬದಲಿಸಕೂಡದು, ಅದೇ ಇರಬೇಕು ಎಂಬುದು ಅವರ ಒಂದೇ ಷರತ್ತು. ನಾನು ವೈಸನ್ನು ಒರಗಿಸಿ ಒಂದೊಂದೇ ಭಾಗ ತೋರಿಸಿದೆ. ಆಡುವ ಕಾಲಿನಲ್ಲಿ, ಕೀಲಿನಿಂದ ಒಂದು ಗೇಣು ಮೇಲೆ, ಕಬ್ಬಿಣಕ್ಕೆ ಕಬ್ಬಿಣವನ್ನು ಕಾಯಿಸಿ ಬಡಿದು ಸೇರಿಸಿದ ಒಂದು ಕುಲುಮೆ ಬೆಸುಗೆ ಇದೆ. ಬೆರಳಾಡಿಸಿದರೆ ಮಾತ್ರ ತಿಳಿಯುತ್ತದೆ, ಅಷ್ಟು ನಯ. ಇದು ನಮ್ಮ ಮೇಸ್ತ್ರಿಯ ಕೈಕೆಲಸ, ಇಂಥದ್ದು ಈಗ ಈ ಜಿಲ್ಲೆಯಲ್ಲಿ ಯಾರಿಗೂ ಬರುವುದಿಲ್ಲ ಎಂದು ಅವರಿಗೆ ಹೇಳಿದೆ. ಯಾರಿಗೂ ಎನ್ನುವಾಗ ನನ್ನ ಮನಸ್ಸಿನಲ್ಲಿ ಇದ್ದವನು ಒಬ್ಬನೇ.

ಕೆಲಸ ಶುರುವಾಯಿತು. ಕೀಲಿನ ಪಿನ್ನು ಹೊಡೆದು ತೆಗೆದೆ, ದವಡೆಯನ್ನು ಹಿಂದಕ್ಕೆ ತಳ್ಳುವ ಪಟ್ಟಿ ಸ್ಪ್ರಿಂಗ್ ಬಿಡಿಸಿದೆ, ಸ್ಕ್ರೂ ಎಳೆದೆ. ಸ್ಕ್ರೂ ಹೊಗುವ ನಳಿಗೆಯೇ ಈ ವೈಸಿನ ನಟ್. ಒಳಗಿನ ಥ್ರೆಡ್, ಅಂದರೆ ಸ್ಕ್ರೂವನ್ನು ಹಿಡಿಯುವ ಸುರುಳಿ ಹಲ್ಲು, ಸವೆದು ಬರೀ ಗೆರೆಯಾಗಿತ್ತು. ಸ್ಕ್ರೂವಿನದ್ದು ಚೌಕ ಥ್ರೆಡ್. ಎರಡು ಸುತ್ತಿನ ಅಳತೆ ತೆಗೆದೆ, ಇಂಚಿಗೆ ನಾಲ್ಕು ಸುತ್ತು ಎಂದುಕೊಂಡೆ. ಎರಡೇ ಸುತ್ತು ಅಳೆದದ್ದು ನನ್ನ ಅವಸರ. ಹತ್ತು ದಿನದ ಕೆಲಸವನ್ನು ಎರಡು ದಿನದಲ್ಲಿ ಮುಗಿಸಿ ಬೇಲೂರಿಗೆ ಸುದ್ದಿ ಕಳಿಸಬೇಕು, ಅದು ಹಳೇಬೀಡಿಗೂ ಮುಟ್ಟಬೇಕು ಎಂಬ ಚಪಲ. ನಳಿಗೆಯನ್ನು ಲೇತಿಗೆ ಕಟ್ಟಿ ಒಳಗಿದ್ದ ಹಳೆಯದನ್ನೆಲ್ಲ ಕೊರೆದು ಹಾಕಿದೆ. ನಳಿಗೆಯೊಳಗೆ ಕೂರುವ ಬಳೆಯಂತೆ ಗನ್‌ಮೆಟಲಿನ ಒಂದು ಬುಷ್ ಮಾಡಿ ಅದರೊಳಗೆ ಇಂಚಿಗೆ ನಾಲ್ಕರಂತೆ ಥ್ರೆಡ್ ತೆಗೆದು ಕೂರಿಸಿದೆ. ಎರಡನೆಯ ದಿನ ಸಂಜೆ ಹಳೆಯ ಸ್ಕ್ರೂ ಹಾಕಿ ತಿರುಗಿಸಿದೆ.

ಎರಡೂವರೆ ಸುತ್ತು ಹೋಯಿತು. ಆಮೇಲೆ ಕಚ್ಚಿಕೊಂಡಿತು. ಎಣ್ಣೆ ಬಿಟ್ಟೆ, ಬೈದೆ, ಮತ್ತೆ ತಿರುಗಿಸಿದೆ. ಅದು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಕಷ್ಟಪಟ್ಟು ಬಿಡಿಸಿ ಈ ಸಲ ಹತ್ತು ಸುತ್ತು ಅಳೆದೆ. ನಾಲ್ಕಕ್ಕೂ ಕೂಡುವುದಿಲ್ಲ, ಬೇರೆ ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಸಾಲದ್ದಕ್ಕೆ ಎಲ್ಲ ಸುತ್ತೂ ಒಂದೇ ಸಮ ಇಲ್ಲ. ಲೇತಿನಲ್ಲಿ ಕಡೆದ ಸ್ಕ್ರೂವೇ ಅಲ್ಲ ಅದು. ಯಾರೋ ಪುಣ್ಯಾತ್ಮ ಗೆರೆ ಎಳೆದುಕೊಂಡು ಉಳಿಯಲ್ಲಿ ಕೊರೆದು, ಅರದಲ್ಲಿ ಉಜ್ಜಿ ಕೈಯಲ್ಲೇ ಮಾಡಿದ್ದು. ಅಂಥ ಸ್ಕ್ರೂವಿಗೆ ಯಾವ ಲೇತಿನಿಂದಲೂ ಸರಿಯಾದ ನಟ್ ಹುಟ್ಟುವುದಿಲ್ಲ. ಹಳೆಯ ನಟ್ಟನ್ನೋ ನಾನಾಗಲೇ ಕೊರೆದು ಪುಡಿ ಮಾಡಿದ್ದೆ.

ಮೂರು ದಿನ ಲೇತಿನ ಗೇರು ಬದಲಿಸಿ ಬದಲಿಸಿ ಬೇರೆ ಬೇರೆ ಅಳತೆಯ ಥ್ರೆಡ್ ತೆಗೆದು ನೋಡಿದೆ. ಕಾಫಿ ತಂದ ಮನೆಯವಳು ನನ್ನ ಮುಖ ನೋಡಿ, ಮೇಜಿನ ಮೇಲಿದ್ದ ಕಾರ್ಡುಗಳಲ್ಲಿ ಒಂದನ್ನು ಎತ್ತಿಕೊಂಡು ಓದತೊಡಗಿದಳು. ಕಾಲು ವೈಸಿನ ಕಾರ್ಡು, ನನ್ನದೇ ಅಕ್ಷರ. ಹಿಂದಿನವರು ಸ್ಕ್ರೂವಿನ ಹಳ್ಳದಲ್ಲಿ ಕಬ್ಬಿಣದ ಪಟ್ಟಿಯನ್ನು ಸುತ್ತಿ, ಆ ಸುರುಳಿಯನ್ನು ನಳಿಗೆಯೊಳಗೆ ಹಿತ್ತಾಳೆಯಿಂದ ಬೆಸೆದು ನಟ್ ಮಾಡುತ್ತಿದ್ದರು. ಸ್ಕ್ರೂ ಹೇಗಿದ್ದರೂ ನಟ್ ಅದಕ್ಕೆ ಹೊಂದುತ್ತಿತ್ತು. ಇಷ್ಟು ಓದಿ ಅವಳು ಕಾರ್ಡನ್ನು ನನ್ನ ಮುಂದೆ ಇಟ್ಟಳು.

"ಇಲ್ಲೇ ಬರ್ದಿದೀರಲ್ರೀ. ಓದಿ ಓದಿ ಮರುಳಾದ ಕೂಚುಭಟ್ಟ ಅಂದ್ರೆ ನೀವೇಯ."

ಬರೆದದ್ದು ನಿಜ. ಆದರೆ ಅದನ್ನು ಕೈಯಲ್ಲಿ ಮಾಡಿದವರನ್ನು ನಾನು ನೋಡಿದ್ದು ನಮ್ಮ ಮೇಸ್ತ್ರಿಯನ್ನು ಮಾತ್ರ, ಅದೂ ದೂರದಿಂದ. ಹತ್ತಿರ ನಿಂತು ತಿದಿ ಒತ್ತಿದವನು ಹಳೇಬೀಡಿನವನು. ಅವನ ಹತ್ತಿರ ಹೋಗದೆ ಈ ಕೆಲಸ ಮುಗಿಯುವುದಿಲ್ಲ ಎಂಬುದು ಕಾಫಿ ಆರುವ ಮೊದಲೇ ಗೊತ್ತಾಯಿತು. ಒಪ್ಪಿಕೊಳ್ಳಲು ಮಾತ್ರ ಮರುದಿನ ಬೆಳಗಾಗಬೇಕಾಯಿತು. ಉಳಿದದ್ದು ಐದೇ ದಿನ. ಬುಷ್ ಹೊರಗೆ ತಳ್ಳಿ, ಸ್ಕ್ರೂ ಮತ್ತು ನಳಿಗೆಯನ್ನು ಚೀಲಕ್ಕೆ ತುಂಬಿ, ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆ.

ಅವನ ಕುಲುಮೆ ಹಳೇಬೀಡಿನಿಂದ ಹುಲಿಕೆರೆ ಕಡೆ ಹೋಗುವ ರಸ್ತೆಯಲ್ಲಿದೆ. ವಿಗ್ರಹ ಕೆತ್ತುವವರಿಗೆ ಉಳಿ ಮಾಡಿಕೊಡುವುದು, ಮೊಂಡಾದದ್ದನ್ನು ತಟ್ಟಿ ಹದ ಹಾಕುವುದು ಅವನ ಕೆಲಸ. ನಾನು ಹೋದಾಗ ಯಾರಿಂದಲೋ ತಂದ ಎರಕದ ವೈಸಿನಲ್ಲಿ ಉಳಿಯೊಂದನ್ನು ಹಿಡಿದು ಮೆಲ್ಲಗೆ, ಅಂಜಂಜಿಕೊಂಡು ಬಡಿಯುತ್ತಿದ್ದ. ಪಕ್ಕದಲ್ಲಿ ಕಾಲು ವೈಸ್ ನಿಲ್ಲುತ್ತಿದ್ದ ಕಲ್ಲಿನ ಗುಳಿ ಖಾಲಿ ಇತ್ತು. ಬಾರಣ್ಣ ಎಂದು ಕರೆದು ಬೆಂಚು ಒರೆಸಿ ಕೂರಿಸಿದ. ನಾನು ಬುಷ್ ಕಥೆಯನ್ನು ಆದಷ್ಟು ಚಿಕ್ಕದು ಮಾಡಿ ಹೇಳಿದೆ. ಅವನು ನಗಲಿಲ್ಲ. ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.

ಸ್ಕ್ರೂವಿನ ಹಳ್ಳಕ್ಕೆ ಸರಿಹೋಗುವ ಪಟ್ಟಿಯನ್ನು ಅವನು ಬಡಿದು ಮಾಡಿದ. ಸುತ್ತುವ ಕೆಲಸ ನನಗೆ ಬಿಟ್ಟ. ನಾನು ಪಟ್ಟಿಯನ್ನು ಸರಿಯಾಗಿ ಕಾಯಿಸದೆ ಸುತ್ತಿದೆ, ಬಿಟ್ಟ ಕೂಡಲೇ ಸುರುಳಿ ಬಿಚ್ಚಿಕೊಂಡು ಸಡಿಲವಾಯಿತು. ಎರಡನೆಯ ಸಲ ಅವನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿ ಕೊಟ್ಟ. ಆಗ ಹೇಳಿದ ಹಾಗೆ ಬಾಗಿತು. ಸುತ್ತಿದ ಮೇಲೆ ಸ್ಕ್ರೂವನ್ನು ತಿರುಗಿಸಿ ಹೊರಗೆ ತೆಗೆದು, ಬರೀ ಸುರುಳಿಯನ್ನು ನಳಿಗೆಯೊಳಗೆ ಬಿಗಿಯಾಗಿ ಕೂರಿಸಿದೆವು. ಹಿತ್ತಾಳೆ ಪುಡಿಗೆ ಬಿಳಿಗಾರ ಬೆರೆಸಿ ಒಳಗೆಲ್ಲ ಸವರಿ, ಎರಡು ತುದಿಗೂ ಮಣ್ಣು ಮೆತ್ತಿ ಬೆಂಕಿಗೆ ಇಟ್ಟ. ಇಕ್ಕಳದಲ್ಲಿ ಹಿಡಿದು ಹೊರಳಿಸುತ್ತಲೇ ಇದ್ದ. ಹಿತ್ತಾಳೆ ನೀರಾದಾಗ ಉರಿಯ ಅಂಚು ಹಸಿರಾಗುತ್ತದೆ. ಆ ಹಸಿರು ಕಂಡು ಹೊರಗೆ ತೆಗೆಯಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ತೆಗೆದಾಗಿತ್ತು.

ಆರಿದ ಮೇಲೆ ಸ್ಕ್ರೂ ಇಟ್ಟು ಎರಡು ಬೆರಳಲ್ಲಿ ತಿರುಗಿಸಿದ. ಎಲ್ಲೂ ತಡೆಯದೆ, ಎಲ್ಲೂ ಅಲುಗಾಡದೆ, ಕೊನೆಯವರೆಗೆ ಹೋಯಿತು. ನಾನು ಐದು ದಿನ ಒದ್ದಾಡಿದ್ದನ್ನು ಅವನು ಮಧ್ಯಾಹ್ನದ ಊಟಕ್ಕೆ ಮೊದಲು ಮುಗಿಸಿದ್ದ. ಚೆನ್ನಾಗಿದೆ ಎಂದೆ. ಸುತ್ತಿದ್ದು ನೀನಲ್ವಾ ಅಣ್ಣ ಎಂದು ಅವನು ಹೊಗಳಿಕೆಯನ್ನು ನನ್ನ ಕಡೆಗೇ ತಳ್ಳಿದ. ಊಟವನ್ನೂ ಹಾಕಿಸಿದ. ಬಸ್ಸಿನಲ್ಲಿ ವಾಪಸು ಬರುವಾಗ ಕಾಲ ಬಳಿ ಆ ನಳಿಗೆ ಇತ್ತು, ನನ್ನ ಹೊಟ್ಟೆಯಲ್ಲಿ ಅವನ ಮನೆಯ ಊಟವಿತ್ತು, ಎರಡೂ ಜೀರ್ಣವಾಗುವಂತಿರಲಿಲ್ಲ.

ಮಾರನೆಯ ದಿನ ಎಲ್ಲವನ್ನೂ ಜೋಡಿಸಿದೆ. ಕೀಲಿಗೆ ಗ್ರೀಸು, ಸ್ಪ್ರಿಂಗಿಗೆ ಹೊಸ ರಿವಿಟ್, ಕಾಲಿಗೆ ನಿಲ್ಲಲು ಒಂದು ಕಲ್ಲು. ವೈಸ್ ಹಿಡಿಯಿತು. ಮರ ಹಿಡಿಯಿತು, ಕಬ್ಬಿಣ ಹಿಡಿಯಿತು, ನಾನು ಜೋತುಬಿದ್ದರೂ ಬಿಡಲಿಲ್ಲ. ಅಲ್ಲಿಗೆ ನಿಲ್ಲಿಸಿ ಬೇಲೂರಿಗೆ ಫೋನ್ ಮಾಡಬೇಕಿತ್ತು.

ನಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ನಳಿಗೆಯೊಳಗೆ ಅವನು ಹಾಕಿದ ಆ ಹಿತ್ತಾಳೆ ಬೆಸುಗೆ ಬಿಡಲಿ ಎಂದು ನನಗೆ ಆಸೆಯಾಯಿತು. ಬೇಲೂರಿನಲ್ಲಿ ಬಿಡುವುದು ಬೇಡ, ಇಲ್ಲೇ ಬಿಡಲಿ. ಅವನ ಕೈಯೂ ತಪ್ಪುತ್ತದೆ ಎಂದು ನಾನೊಬ್ಬ ನೋಡಿದರೆ ಸಾಕು. ಮುರಿದ ಅರದ ಒಂದು ತುಂಡು ಬಿದ್ದಿತ್ತು. ಗಾಜಿನಷ್ಟು ಗಡಸು ಉಕ್ಕು. ಅದನ್ನು ದವಡೆಯ ಒಂದು ಮೂಲೆಗೆ ಕೊಟ್ಟೆ. ವೈಸಿನ ಹಿಡಿಗೆ ಮೊಳದುದ್ದದ ಪೈಪು ಸಿಕ್ಕಿಸಿದೆ. ಹಿಡಿಗೆ ಪೈಪು ಹಾಕಿದವನಿಗೆ ಅನ್ನ ಹಾಕಬೇಡಿ ಎನ್ನುತ್ತಿದ್ದರು ನಮ್ಮ ಮೇಸ್ತ್ರಿ. ಕೈಗೆ ಸಿಗುವಷ್ಟೇ ಬಿಗಿ ವೈಸಿನ ಬಿಗಿ, ಅದಕ್ಕಿಂತ ಹೆಚ್ಚು ಬೇಕಾದರೆ ದೊಡ್ಡ ವೈಸ್ ತಗೋ ಎಂಬುದು ಅವರ ಮೊದಲ ದಿನದ ಪಾಠ. ಎಲ್ಲ ನೆನಪಿತ್ತು. ಮೈಭಾರ ಬಿಟ್ಟು ಪೈಪು ಎಳೆದೆ.

ಟಣ್ ಎಂದಿತು. ಬೆಸುಗೆ ಬಿಟ್ಟಿರಲಿಲ್ಲ. ದವಡೆಯ ಮೂಲೆ ಹಾರಿತ್ತು. ಕಾಲು ಮೆದು ಕಬ್ಬಿಣದ್ದಾದರೂ ಕಚ್ಚುವ ಮುಖಕ್ಕೆ ಗಡಸು ಉಕ್ಕಿನ ಪಟ್ಟಿ ಬೆಸೆದಿರುತ್ತಾರೆ. ಆ ಪಟ್ಟಿಯಿಂದ ಹುಣಸೆ ಬೀಜದಷ್ಟು ತುಂಡು ಎದ್ದು ಗೋಡೆಗೆ ಬಡಿದು ಬಿತ್ತು. ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು ಅದನ್ನು ಹುಡುಕಿ ಎತ್ತಿಕೊಂಡೆ. ಇನ್ನೂ ಬಿಸಿಯಿತ್ತು.

ಮುಚ್ಚಿಹಾಕುವುದು ನನಗೆ ಕಷ್ಟವಾಗಿರಲಿಲ್ಲ. ವೆಲ್ಡಿಂಗ್ ತುಂಬಿಸಿ, ಗ್ರೈಂಡ್ ಮಾಡಿ, ಹಲ್ಲು ಕೊರೆದು, ಎಣ್ಣೆ ಸುಟ್ಟು ಕಪ್ಪು ಮಾಡಿದರೆ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಅರ್ಧ ದಿನದ ಕೆಲಸ. ವೆಲ್ಡಿಂಗಿನ ಗ್ಯಾಸ್ ಟಾರ್ಚು ಹಚ್ಚಿಯೂ ಆಯಿತು. ಉರಿ ಸಣ್ಣದು ಮಾಡಿಕೊಂಡು ಬಗ್ಗಿದಾಗ ಮೇಸ್ತ್ರಿಯ ಶೆಡ್ಡಿನ ಒಂದು ಸಂಜೆ ನೆನಪಾಗಿ ಕೈ ನಿಂತಿತು.

ಆ ಸಂಜೆ ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ. ಒಂದು ಪಂಪಿನ ತೂತಿಗೆ ಥ್ರೆಡ್ ತೆಗೆಯುತ್ತಿದ್ದಾಗ ಟ್ಯಾಪ್, ಅಂದರೆ ತೂತಿನೊಳಗೆ ಥ್ರೆಡ್ ಕೊರೆಯುವ ಗಡಸು ಉಕ್ಕಿನ ಕಡ್ಡಿ, ಮುರಿಯಿತು. ಮೇಸ್ತ್ರಿಯ ಹತ್ತಿರ ಟ್ಯಾಪುಗಳ ಒಂದು ಮರದ ಪೆಟ್ಟಿಗೆ ಇತ್ತು, ಒಂದೊಂದಕ್ಕೂ ಒಂದೊಂದು ಗೂಡು, ಹೊರದೇಶದ ಮಾಲು. ಸಿಕ್ಕಿಕೊಂಡ ತುಂಡನ್ನು ಉಳಿಯಲ್ಲಿ ಎಬ್ಬಿಸಿ ತೆಗೆದು, ಎರಡೂ ತುಂಡನ್ನು ರೈಲು ಹಳಿಯ ಜಲ್ಲಿಯಲ್ಲಿ ಹೂತುಬಿಟ್ಟೆ. ಬೆಳಿಗ್ಗೆ ಮೇಸ್ತ್ರಿ ಪೆಟ್ಟಿಗೆ ತೆರೆದು ಖಾಲಿ ಗೂಡು ನೋಡಿ, ಯಾರು ಎಂದು ಒಂದೇ ಸಲ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಕೈ ನೋಡಿಕೊಂಡೆ. ಬಾಯಿ ಬಿಡಲಿಲ್ಲ. ಅವರು ಪೆಟ್ಟಿಗೆ ಮುಚ್ಚಿದರು. ಆಮೇಲೆ ಆ ಪೆಟ್ಟಿಗೆಯನ್ನು ಶೆಡ್ಡಿನಲ್ಲಿ ನಾನು ಕಾಣಲಿಲ್ಲ. ಮಾರಿರಬೇಕು ಎಂದುಕೊಂಡೆ.

ಟಾರ್ಚು ಆರಿಸಿದೆ. ದೊಡ್ಡ ಮನಸ್ಸಿನಿಂದ ಅಲ್ಲ. ಐವತ್ತರ ಹತ್ತಿರ ಬಂದವನು ಇಪ್ಪತ್ತರ ಹರೆಯದ ಅದೇ ಕಳ್ಳತನಕ್ಕೆ ಮತ್ತೆ ಕೈ ಹಾಕುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಲ್ಲದೆ, ಕುಲುಮೆಯವನ ಕಣ್ಣಿಗೆ ವೆಲ್ಡಿಂಗು ಮುಚ್ಚಿಡಲಾಗದು ಎಂಬ ಭಯವೂ ಇತ್ತು. ಎರಡರಲ್ಲಿ ಯಾವುದು ಹೆಚ್ಚು ಎಂದು ಈಗಲೂ ಹೇಳಲಾರೆ. ಪ್ರದರ್ಶನಕ್ಕೆ ಎರಡು ದಿನ ಇರುವಾಗ ವೈಸನ್ನು ಆಟೊಗೆ ಹೇರಿಸಿ, ಪಕ್ಕದಲ್ಲಿ ಕೂತು ಹಳೇಬೀಡಿಗೆ ಹೋದೆ.

ಅವನು ದವಡೆಯ ಮೂಲೆ ಸವರಿ ನೋಡಿದ. ನಾನು ಜೇಬಿನಿಂದ ಚೂರು ತೆಗೆದು ಅವನ ಅಂಗೈಗೆ ಹಾಕಿದೆ.

"ಪೈಪ್ ಹಾಕಿದ್ಯೇನಣ್ಣ?"

"ಹೂಂ."

"ಯಾಕೆ?"

"ನಿನ್ನ ಬೆಸುಗೆ ಬಿಡ್ಲಿ ಅಂತ."

ಬೈಯುತ್ತಾನೆ ಎಂದು ಕಾದೆ. ಅವನು ಚೂರನ್ನು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು, ಬಗ್ಗಿ, ಆಡುವ ಕಾಲಿನ ಹಳೆಯ ಬೆಸುಗೆಯ ಮೇಲೆ ಬೆರಳಿಟ್ಟ. ನಾನು ಮೇಡಂ ಮುಂದೆ ಹೊಗಳಿದ್ದ ಬೆಸುಗೆ.

"ಇದೂ ಪೈಪ್ ಹಾಕಿ ಮುರಿದಿದ್ದೇ ಕಣಣ್ಣ. ನಾನೇ ಮುರಿದೆ. ನೀನು ನಿಮ್ಮಕ್ಕನ ಮದುವೆಗೆ ಅಂತ ಊರಿಗೆ ಹೋಗಿದ್ದೆ."

ಅದು ಮೇಸ್ತ್ರಿಯ ಬೆಸುಗೆಯಲ್ಲವೇ ಎಂದು ಕೇಳಿದೆ. ಅಲ್ಲವಂತೆ. ಮುರಿದ ಕಾಲನ್ನು ಹಿಡಿದುಕೊಂಡು ಇವನು ನೇರ ಮೇಸ್ತ್ರಿಯ ಮನೆಗೆ ಹೋದನಂತೆ. ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಒಂಬತ್ತು ದಿನ ಕುಲುಮೆಯ ಮುಂದೆ ನಿಲ್ಲಿಸಿ ಇವನ ಕೈಯಲ್ಲೇ ಬೆಸೆಸಿದರು. ಆರು ಸಲ ಬಿಟ್ಟಿತು, ಏಳನೆಯ ಸಲ ನಿಂತಿತು. ನಾನು ಮದುವೆ ಮುಗಿಸಿ ಬರುವ ಹೊತ್ತಿಗೆ ವೈಸ್ ಎಂದಿನಂತೆ ನಿಂತಿತ್ತು.

"ಮುರಿದೋನು ಬಂದು ಹೇಳಿದ್ರೆ ಆ ಸಾಮಾನು ಅವನದು. ಅವನೇ ಸರಿ ಮಾಡ್ಬೇಕು, ಅವನೇ ಬಾಳಿಸ್ಬೇಕು. ಅದು ಅವ್ರ ಕಟ್ಟಳೆ. ಅದಕ್ಕೇ ಇದು ನಂಗೆ ಬಂತು. ಇನಾಮು ಅಂದ್ಕೊಂಡಿದ್ಯಾ?"

ಇಪ್ಪತ್ತೆರಡು ವರ್ಷ ನಾನು ಹೊಟ್ಟೆ ಉರಿದುಕೊಂಡದ್ದು ಒಬ್ಬನಿಗೆ ಸಿಕ್ಕ ಶಿಕ್ಷೆಯನ್ನು ನೋಡಿ. ನಗು ಬರಬೇಕಿತ್ತು, ಬರಲಿಲ್ಲ. ಮುರಿದು ಹೇಳಿದವನಿಗೆ ವೈಸ್ ಸಿಕ್ಕಿತು ಎಂದರೆ, ಮುರಿದು ಹೇಳದವನಿಗೆ ಏನೂ ಸಿಗದೆ ಇದ್ದದ್ದೂ ಆ ಕಟ್ಟಳೆಯ ಪ್ರಕಾರವೇ. ಬೆಂಚಿನ ಮೇಲೆ ಕೂತು ಟ್ಯಾಪಿನ ಕಥೆಯನ್ನು ಅವನಿಗೆ ಹೇಳಿದೆ. ಜಲ್ಲಿ, ಹೂತದ್ದು, ಮೇಸ್ತ್ರಿ ಒಂದೇ ಸಲ ಕೇಳಿದ್ದು, ಎಲ್ಲ. ಮನೆಯವಳಿಗೂ ಹೇಳಿರದ ಮಾತು ಅದು.

ಅವನು ಕೇಳಿ ಮುಗಿಸಿ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತು ಡಬ್ಬ ಸರಿಸುವ ಸದ್ದು ಬಂತು. ಹೊರಗೆ ಬಂದಾಗ ಅವನ ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಮರದ ಪೆಟ್ಟಿಗೆ ಇತ್ತು. ನನ್ನ ತೊಡೆಯ ಮೇಲೆ ಇಟ್ಟ. ತೆರೆದು ನೋಡಬೇಕಾಗಿಯೇ ಇರಲಿಲ್ಲ, ಆದರೂ ತೆರೆದೆ. ಟ್ಯಾಪುಗಳು ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು. ಒಂದು ಗೂಡು ಖಾಲಿ.

"ಶೆಡ್ಡು ಮುಚ್ಚೋವಾಗ ಮೇಸ್ತ್ರಿ ಕೊಟ್ರು. ಇದು ನಿಂದಲ್ಲ, ಅವನದು. ಬಂದು ಹೇಳಿದ ದಿನ ಕೊಡು, ನೀನಾಗಿ ಕೇಳಬೇಡ ಅಂದ್ರು. ವರ್ಷಕ್ಕೊಂದು ಸಲ ಎಣ್ಣೆ ಹಚ್ತಿದ್ದೆ ಕಣಣ್ಣ."

ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಆ ದಿನ ಬೆಳಿಗ್ಗೆಯೇ ಗೊತ್ತಿತ್ತು ಎಂದ. ಪಂಪಿನ ಕೆಲಸ ನಿಂದೇ ಆಗಿತ್ತಲ್ಲ ಎಂದೂ ಅಂದ. ನಾನು ಪೆಟ್ಟಿಗೆಯ ಮುಚ್ಚಳ ಹಾಕಿ, ಮತ್ತೆ ತೆರೆದು, ಮತ್ತೆ ಹಾಕಿದೆ. ಕಣ್ಣಲ್ಲಿ ನೀರು ಬಂತು. ಆ ಹೊತ್ತಿನಲ್ಲೂ, ನನ್ನ ಗುಟ್ಟನ್ನು ಮೇಸ್ತ್ರಿ ಇವನ ಹತ್ತಿರ ಇಟ್ಟರಲ್ಲ, ಇವನನ್ನೇ ನಂಬಿದರಲ್ಲ ಎಂದು ಒಳಗೊಂದು ಕಿಡಿ ಉರಿಯುತ್ತಲೇ ಇತ್ತು. ಸುಳ್ಳು ಏಕೆ ಹೇಳಲಿ, ಅದು ಇನ್ನೂ ಆರಿಲ್ಲ.

ವೈಸ್ ವಿಷಯ ಉಳಿದಿತ್ತು. ಕಟ್ಟಳೆ ಕಟ್ಟಳೆಯೇ, ಇದೂ ಇನ್ನು ನಿನ್ನದು, ಪ್ರದರ್ಶನ ಮುಗಿದ ಮೇಲೆ ಅರಸೀಕೆರೆಗೆ ಒಯ್ಯಿ ಎಂದು ಅವನು ಹಟ ಹಿಡಿದ. ನಾನು ಖಾಲಿ ಗುಳಿಯ ಕಡೆ, ಆ ಎರಕದ ವೈಸಿನ ಕಡೆ ನೋಡಿದೆ. ಕಟ್ಟಳೆಯ ಪ್ರಕಾರ ದವಡೆಯನ್ನು ಮುರಿದವನೇ ಬೆಸೆಯಬೇಕು, ನನಗೆ ಕುಲುಮೆ ಬೆಸುಗೆ ಬರುವುದಿಲ್ಲ, ಕಲಿಯುವವರೆಗೆ ನನ್ನ ವೈಸ್ ನಿನ್ನ ಗುಳಿಯಲ್ಲೇ ನಿಂತಿರಲಿ ಎಂದೆ. ಕಲಿಯಲು ಎಷ್ಟು ದಿನ ಬೇಕು ಎಂದ. ನಿನಗೆ ಏಳು ಸಲ ಆಯಿತಲ್ಲ, ನಾನು ನಿಧಾನದವನು ಎಂದೆ. ಈಗಲೂ ಬಿಡುವಾದ ವಾರ ಹೋಗಿ ಹಳೆಯ ತುಂಡುಗಳ ಮೇಲೆ ಕೈ ಪಳಗಿಸುತ್ತೇನೆ. ಅವನು ನನ್ನ ವೈಸ್ ಮೇಲೆ ಧಡಧಡ ಬಡಿಯುವುದನ್ನು ನೋಡಿದರೆ ಎದೆ ಚುರುಕ್ ಎನ್ನುತ್ತದೆ. ಆದರೆ ಕಲಿಯಲು ನಾನೇನೂ ಅವಸರ ಮಾಡುತ್ತಿಲ್ಲ.

ಪ್ರದರ್ಶನದ ದಿನ ಬೇಲೂರಿನ ಆ ಕೇಂದ್ರದ ಹಾಲ್‌ನಲ್ಲಿ ವೈಸ್ ನಡುವೆ ನಿಂತಿತ್ತು, ಮುಕ್ಕಾದ ಮೂಲೆ ಬಾಗಿಲ ಕಡೆಗಿತ್ತು. ಗೋಡೆಯ ಕಡೆ ತಿರುಗಿಸೋಣವೇ ಸರ್ ಎಂದು ಮೇಡಂ ಮೆಲ್ಲಗೆ ಕೇಳಿದರು. ಬೇಡ ಎಂದು, ಕಾರ್ಡು ಬದಲಿಸಬೇಕು, ಎರಡು ಹೊಸ ಕಾರ್ಡು ಕೊಡಿ ಎಂದೆ. ವೈಸಿನ ಕಾರ್ಡಿನಲ್ಲಿ ಕಾಲಿನ ಬೆಸುಗೆಯ ಮುಂದೆ ಹಳೇಬೀಡಿನವನ ಹೆಸರು ಬರೆದೆ, ದವಡೆಯ ಮುಂದೆ ನನ್ನ ಹೆಸರು. ಮಾತಾಡಿದ್ದು ಅವನೇ. ಚೆನ್ನಾಗಿಯೇ ಮಾತಾಡಿದ. ನಾನು ಹೊಸ ಶರಟು ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತು ಕೇಳಿದೆ.

ಮರದ ಪೆಟ್ಟಿಗೆಯನ್ನು ವೈಸಿನ ಕಾಲ ಬಳಿ ಒಂದು ಸ್ಟೂಲಿನ ಮೇಲೆ ತೆರೆದಿಟ್ಟಿದ್ದೆ. ಹಿಡಿಯುವ ಸಾಧನವಲ್ಲದ ಇದು ಇಲ್ಲೇಕೆ ಎಂದು ಕಲಿಯಲು ಬಂದ ಒಬ್ಬ ಹುಡುಗಿ ಕೇಳಿದಳು. ಕಾರ್ಡು ಓದಮ್ಮ ಎಂದೆ. ಅವಳು ಬಗ್ಗಿ ಗಟ್ಟಿಯಾಗಿ ಓದಿದಳು: "ನಮ್ಮ ಮೇಸ್ತ್ರಿಯ ಟ್ಯಾಪುಗಳು. ಒಂದು ಇಲ್ಲ. ಮುರಿದವನು ನಾನು."